ಗುಮಾಸ್ತರಿಲ್ಲದ ಹೊಟ್ಟೆ

ಮಾರ್ಚ್ 3, ಸೋಮವಾರ

ಎದ್ದದ್ದು 6.10ಕ್ಕೆ. ಅಂಗಡಿಯ ಬೀಗ ತೆಗೆದದ್ದು 8.55ಕ್ಕೆ. ಬುಗುರಿ ಬಂದದ್ದು 9.40ಕ್ಕೆ, ಎಡಗಾಲಿಗೆ ಕಂದು ಚಪ್ಪಲಿ, ಬಲಗಾಲಿಗೆ ಕಪ್ಪು ಚಪ್ಪಲಿ ಹಾಕಿಕೊಂಡು. ತೋರಿಸಿದರೆ, "ಎರಡೂ ನನ್ನವೇ ಅಲ್ವೇನೇ? ಬೇರೆಯವರದ್ದು ಹಾಕ್ಕೊಂಡು ಬಂದಿಲ್ವಲ್ಲ" ಅಂದಳು.

ಆಸ್ಪತ್ರೆಯ ಡಾಕ್ಟರಮ್ಮ ಇವತ್ತು ನಮ್ಮಿಬ್ಬರಿಗೂ ಒಂದೊಂದು ಊಟದ ಪುಸ್ತಕ ಕೊಟ್ಟಿದ್ದಾರೆ. ತಿಂದದ್ದು, ಕುಡಿದದ್ದು, ಕಕ್ಕಸಿಗೆ ಹೋದದ್ದು ಎಲ್ಲವನ್ನೂ ಎರಡು ವಾರ ಅದರಲ್ಲಿ ಬರೆಯಬೇಕು. ಅಲ್ಲಿ ಅದನ್ನು ನಾಲ್ಕು ಜನ ಓದುತ್ತಾರಂತೆ. ನಾಲ್ಕು ಜನ ಓದುವ ಪುಸ್ತಕದಲ್ಲಿ ಮನಸ್ಸಿನಲ್ಲಿರುವುದನ್ನು ಬರೆಯಲಾಗುವುದಿಲ್ಲ. ಅದಕ್ಕೇ ಇದು ಬೇರೆ. ಹಾಳೆ ಮಡಚಿ, ಹೊಲಿದು, ರಟ್ಟು ಕಟ್ಟಿ ನಾನೇ ಮಾಡಿಕೊಂಡದ್ದು. ನನ್ನ ಹೊರತು ಯಾರೂ ಓದಕೂಡದು.

ಮುಂದೆಂದೋ ನಾನೇ ತಿರುವಿ ನೋಡಿದಾಗ ತಲೆಬುಡ ತಿಳಿಯಲಿ ಎಂದು ಮೊದಲಿನಿಂದ ಬರೆಯುತ್ತೇನೆ. ನಾನೂ ಬುಗುರಿಯೂ ಅವಳಿಗಳು. ನಲವತ್ತಾರು ವರ್ಷ. ಒಂದೇ ಮುಖ, ಒಂದೇ ದನಿ, ಒಂದೇ ಮೊಂಡು ಮೂಗು. ನಾನು ಹನ್ನೊಂದು ನಿಮಿಷ ಮೊದಲು ಹುಟ್ಟಿದೆ. ಆ ಹನ್ನೊಂದು ನಿಮಿಷದ ತಡವನ್ನು ಅವಳು ಇವತ್ತಿನವರೆಗೂ ತುಂಬಿಕೊಂಡಿಲ್ಲ. ನಡೆಯಲು ಕಲಿಯುವ ಮೊದಲೇ ಸುತ್ತಲು ಕಲಿತಳಂತೆ, ಅದಕ್ಕೇ ಅಮ್ಮ ಬುಗುರಿ ಅಂದಳು. ಬುಗುರಿ ನನ್ನನ್ನು ಸ್ಕೇಲು ಅನ್ನುತ್ತಾಳೆ. ಏನಾದರೂ ಬೇಕಾದಾಗ ಮಾತ್ರ ಅಕ್ಕ.

ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಸೇರಿ ಪುಸ್ತಕದ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದೇವೆ. ನಡೆಸುವುದು ನಾನು, ಸೇರಿರುವುದು ಅವಳು. ಹೋದ ವರ್ಷ ಒಬ್ಬ ಡಾಕ್ಟರು ಅವಳಿಗೆ ಎಡಿಎಚ್‌ಡಿ ಇದೆ ಎಂದರು. ಗಮನ ಒಂದೆಡೆ ನಿಲ್ಲುವುದಿಲ್ಲ, ಕೈಕಾಲು ಸುಮ್ಮನಿರುವುದಿಲ್ಲ, ಹೇಳಿದ್ದು ಮರೆಯುತ್ತದೆ, ಅದೆಲ್ಲ ಹುಟ್ಟಿನಿಂದಲೇ ಬಂದದ್ದು ಎಂದು. ಮಾತ್ರೆ ಕೊಟ್ಟರು. ಮಾತ್ರೆಯಿಂದ ಅನುಕೂಲವಾಗಿದೆ, ನೆನಪಾಗಿ ತೆಗೆದುಕೊಂಡ ದಿನ.

ಈಗ ಆಸ್ಪತ್ರೆಯವರು ಒಂದು ಸಂಶೋಧನೆ ಶುರು ಮಾಡಿದ್ದಾರೆ. ಹೊಟ್ಟೆಯೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವಲ್ಲ, ಅವಕ್ಕೂ ಎಡಿಎಚ್‌ಡಿಗೂ ಏನಾದರೂ ನಂಟಿದೆಯೇ ಅಂತ. ಅವರಿಗೆ ಬೇಕಾದದ್ದು ಅವಳಿಗಳು, ಒಬ್ಬರಿಗೆ ಇರಬೇಕು, ಇನ್ನೊಬ್ಬರಿಗೆ ಇರಬಾರದು. ನಾನು ಇಲ್ಲದವಳು. ನನ್ನ ನಂಬರು 41-ಎ. ಬುಗುರಿ 41-ಬಿ.

ಇನ್ನೊಂದು ವಿಷಯ, ಇದನ್ನು ಬರೆಯಲೆಂದೇ ಈ ಪುಸ್ತಕ ಕಟ್ಟಿದೆನೋ ಏನೋ. ದೊಡ್ಡ ಅಚ್ಚುಮನೆಯೊಂದು ತನ್ನ ಬೈಂಡಿಂಗ್ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬಾ ಎಂದು ಕರೆದಿದೆ. ಉತ್ತರ ಕೊಡಲು ಏಪ್ರಿಲ್ 30ರವರೆಗೆ ಸಮಯ. ಅಲ್ಲಿ ಎಲ್ಲರೂ 8.30ಕ್ಕೆ ಬರುತ್ತಾರಂತೆ. ಬುಗುರಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಬುಗುರಿ ಅಂಟು ಕುದಿಯಲು ಇಟ್ಟು, ಎದುರು ಮನೆಯ ಬೆಕ್ಕು ಮರಿ ಹಾಕಿದೆ ಎಂದು ನೋಡಲು ಹೋದಳು. ಪಾತ್ರೆ ಸೀದಿತು. ನಾನು ಉಜ್ಜಿದೆ. 50 ನಿಮಿಷ.

ಮರಿಗಳು ಐದಂತೆ.

ಮಾರ್ಚ್ 8, ಶನಿವಾರ

ಈ ವಾರದ ಪಟ್ಟಿ. ತಡವಾಗಿ ಬಂದದ್ದು ಐದು ಸಲ. ಕಳೆದ ವಸ್ತು: ಕತ್ತರಿ, ಕನ್ನಡಕ, ಗಿರಾಕಿಯ ಫೋನ್ ನಂಬರು. ಸಿಕ್ಕಿದ್ದು: ಕನ್ನಡಕ, ಅವಳ ತಲೆಯ ಮೇಲೆ. ಅರ್ಧಕ್ಕೆ ಬಿಟ್ಟ ಕೆಲಸ ನಾಲ್ಕು. ಅವಳ ಊಟದ ಪುಸ್ತಕ ನೋಡಿದೆ. ಮಂಗಳವಾರದ ಪುಟದಲ್ಲಿ "ಬಿಸ್ಕತ್ತು, ಬಹುಶಃ" ಎಂದಷ್ಟೇ ಇದೆ. ಗುರುವಾರದ ಪುಟದಲ್ಲಿ ಬೆಕ್ಕಿನ ಚಿತ್ರ.

ನನ್ನದು ಅಚ್ಚುಕಟ್ಟಾಗಿದೆ. ಬೆಳಿಗ್ಗೆ ಎರಡು ಚೂರು ಬ್ರೆಡ್ಡು, ಮಧ್ಯಾಹ್ನ ಎರಡು ಚೂರು ಬ್ರೆಡ್ಡು, ಸಂಜೆ ಸೂಪು ಮತ್ತು ಬ್ರೆಡ್ಡು. ಎಂಟು ವರ್ಷದಿಂದ ಇದೇ. ಯೋಚಿಸುವ ಕೆಲಸವೇ ಇಲ್ಲ.

ಬುಗುರಿ ಕಂಡದ್ದನ್ನೆಲ್ಲ ತಿನ್ನುತ್ತಾಳೆ. ಹಸಿ ತರಕಾರಿ, ಹಣ್ಣಿನ ಸಿಪ್ಪೆ, ಪಕ್ಕದ ಅಂಗಡಿಯವರ ಡಬ್ಬಿಯಲ್ಲಿರುವುದು.

ಮಾರ್ಚ್ 17, ಸೋಮವಾರ

ಇವತ್ತು ಮಾದರಿ ಕೊಡುವ ದಿನ. ಮಾದರಿ ಎಂದರೆ ಏನೆಂದು ಬರೆಯುವುದಿಲ್ಲ. ನನಗೆ ಗೊತ್ತಿದೆ.

ಆಸ್ಪತ್ರೆಯವರು ಎರಡು ಪುಟ್ಟ ಡಬ್ಬಿ, ಎರಡು ಚೀಟಿ ಕೊಟ್ಟಿದ್ದರು. ಪ್ರತಿ ಚೀಟಿಗೂ ಎರಡು ತುಂಡು, ಎರಡರ ಮೇಲೂ ಒಂದೇ ನಂಬರು. ಒಂದು ತುಂಡನ್ನು ಡಬ್ಬಿಗೆ, ಇನ್ನೊಂದನ್ನು ಅವರವರ ಊಟದ ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಬೇಕು. ಬುಗುರಿಯ ಕೈಗೆ ಕೊಟ್ಟರೆ ಆ ಚೀಟಿ ಬೆಕ್ಕಿನ ಮರಿಯ ಬೆನ್ನಿಗೆ ಹೋದೀತೆಂದು ಎಲ್ಲವನ್ನೂ ನಾನೇ ವಹಿಸಿಕೊಂಡೆ. ಮೊದಲು ನಾನು, ಆಮೇಲೆ ಅವಳು. ಅವಳು ಒಳಗೆ ಹಾಡುತ್ತಿದ್ದಳು. ಅಮ್ಮ ಹೊರಗಿನಿಂದ, "ಹಾಡೋದು ನಿಲ್ಸೇ, ಬೇಗ ಕೆಲ್ಸ ಮುಗ್ಸು, ನಂಗೂ ಹೋಗ್ಬೇಕು" ಎಂದು ಬಾಗಿಲು ಬಡಿಯುತ್ತಿದ್ದಳು. ನಾನು ಈ ಗದ್ದಲದ ನಡುವೆ ನಿಂತು ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, 9.20ಕ್ಕೆ ಆಸ್ಪತ್ರೆಗೆ ಮುಟ್ಟಿಸಿದೆ.

ಎಲ್ಲವನ್ನೂ ನಾನೇ ಮಾಡಿದ್ದರಿಂದ ಸರಿಯಾಗಿ ಆಯಿತು.

ಏಪ್ರಿಲ್ 2, ಬುಧವಾರ

ಒಬ್ಬ ಬಡಗಿ ಬಂದಿದ್ದರು. ತೀರಿಹೋದ ಹೆಂಡತಿ ಬರೆದಿಟ್ಟ ನೋಟುಪುಸ್ತಕ, ನಲ್ಲಿ ಒಡೆದು ನೆನೆದುಹೋಗಿದೆ. ಹಾಳೆಗಳೆಲ್ಲ ಬಿಡಿಬಿಡಿ, ಪುಟದ ನಂಬರೂ ಇಲ್ಲ. ಇದು ಆಗದ ಕೆಲಸ ಎನ್ನುವಷ್ಟರಲ್ಲಿ ಬುಗುರಿ ಆ ಗಂಟನ್ನು ಎತ್ತಿಕೊಂಡು ತನ್ನ ಮೇಜಿಗೆ ಹೋಗಿಯಾಗಿತ್ತು.

ಹತ್ತು ಗಂಟೆಯಿಂದ ಮೂರರವರೆಗೆ ಅವಳು ಕುರ್ಚಿಯಿಂದ ಏಳಲಿಲ್ಲ. ನೀರು ಕುಡಿಯಲಿಲ್ಲ. ನಾನು ಎರಡು ಸಲ ಕರೆದೆ, ಕೇಳಿಸಲಿಲ್ಲ. ಹಾಳೆ ಹಾಳೆಯನ್ನೂ ಒರಸುಕಾಗದದ ನಡುವೆ ಇಟ್ಟು ಒಣಗಿಸಿ, ಶಾಯಿಯ ಬಣ್ಣ ನೋಡಿ, "ಇಲ್ಲಿ ಪೆನ್ನು ಬದಲಾಯ್ಸಿದಾರೆ, ಇದು ಆಮೇಲಿಂದು" ಎಂದು ಗೊಣಗುತ್ತ ಜೋಡಿಸಿದಳು. ಕಾಲೇಜಿನ ಹನ್ನೆರಡು ಪ್ರಬಂಧಗಳನ್ನು ಅಷ್ಟು ಹೊತ್ತೂ ನಾನೊಬ್ಬಳೇ ಕಟ್ಟಿದೆ. ಹೇಳಿ ಕೇಳಿ ಅವಳ ಪಾಲಿನ ಕೆಲಸ.

ಏಪ್ರಿಲ್ 4, ಶುಕ್ರವಾರ

ಬಡಗಿ ಬಂದು ಪುಸ್ತಕ ತೆಗೆದುಕೊಂಡು ಹೋದರು. ತೆರೆದು ನೋಡಲಿಲ್ಲ. ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಿದ್ದರು. ಬುಗುರಿ ಅವರಿಗೆ ಕುರ್ಚಿ ಕೊಟ್ಟಳು. ನನಗೆ ಅದು ಹೊಳೆಯಲಿಲ್ಲ.

ಏಪ್ರಿಲ್ 7, ಸೋಮವಾರ

ಡಾಕ್ಟರಮ್ಮ ಕರೆಸಿದ್ದರು. ನಮಗಿಂತ ಹದಿನೈದು ವರ್ಷ ಚಿಕ್ಕವರು, ಪೆನ್ನಿನ ಮುಚ್ಚಳ ಕಚ್ಚುತ್ತ ಮಾತಾಡುತ್ತಾರೆ. ಊಟದ ಪುಟಗಳ ಫೋಟೊ ಮಾತ್ರ ಕಳಿಸಿದ್ದೆವು; ಬುಗುರಿಯದರಲ್ಲಿ ಬಿಟ್ಟುಹೋದ ಪುಟಗಳ ಬಗ್ಗೆ ಕೇಳಬೇಕಿತ್ತಂತೆ. ಅದು ಮುಗಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಈಗ್ಲೇ ಹೇಳ್ಬಾರ್ದು, ಇನ್ನೂ ಏನೂ ಖಚಿತ ಇಲ್ಲ. ಆದ್ರೂ ಹೇಳ್ತೀನಿ. ಒಂದು ಜಾತಿ ಬ್ಯಾಕ್ಟೀರಿಯಾ ಇದೆ. 41-ಎ ಡಬ್ಬೀಲಿ ಅವು ಬೇಕಾದಷ್ಟಿವೆ. 41-ಬೀಲಿ ತುಂಬಾ ಕಡಿಮೆ. ಬೇರೆ ಐದು ಜೋಡೀಲೂ ಹೀಗೇ ಬಂದಿದೆ!"

ಆ ಜಾತಿಯ ಹೆಸರು ಒಂದು ಸಾಲು ಉದ್ದ. ಬುಗುರಿ ಎರಡು ಸಲ ಹೇಳಲು ನೋಡಿ ಕೈಬಿಟ್ಟಳು.

"ಅವು ಹೊಟ್ಟೇಲಿ ಏನು ಕೆಲ್ಸ ಮಾಡ್ತವೆ ಡಾಕ್ಟ್ರೇ?"

"ನಾವು ತಿಂದ ನಾರನ್ನ ಒಡೀತವೆ, ಅದರಿಂದ ಬೇರೆ ಬೇರೆ ವಸ್ತು ಮಾಡಿ ಮೈಗೆ ಕಳಿಸ್ತವೆ. ಅದರಲ್ಲಿ ಯಾವುದಾದ್ರೂ ಮೆದುಳಿಗೆ ಸುದ್ದಿ ಮುಟ್ಟಿಸುತ್ತಾ ಅನ್ನೋದೇ ನಮ್ಮ ಪ್ರಶ್ನೆ."

"ಅಂದ್ರೆ ಗುಮಾಸ್ತರು!" ಎಂದಳು ಬುಗುರಿ. "ಬಂದ ಕಾಗದ ನೋಡಿ, ವಿಂಗಡಿಸಿ, ಮೇಲಿನ ಕಚೇರಿಗೆ ಕಳಿಸೋರು. ನನ್ನ ಹೊಟ್ಟೇಲಿ ಗುಮಾಸ್ತರಿಲ್ಲ. ಅದಕ್ಕೇ ನನ್ನ ಯಾವ ಫೈಲೂ ಮುಂದಕ್ಕೆ ಹೋಗಲ್ಲ!"

ಡಾಕ್ಟರಮ್ಮ ಮುಚ್ಚಳ ನುಂಗುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ಇದರಿಂದ ಏನೂ ತೀರ್ಮಾನ ಮಾಡಬೇಡಿ, ಮಾತ್ರೆಯನ್ನಂತೂ ಬಿಡಲೇಬೇಡಿ ಎಂದು ಎರಡೆರಡು ಸಲ ಹೇಳಿದರು. ಹೊಟ್ಟೆ ಹಾಗಿರುವುದರಿಂದ ತಲೆ ಹೀಗಾಯಿತೋ, ತಲೆ ಹೀಗಿರುವುದರಿಂದ ಊಟ ಏರುಪೇರಾಗಿ ಹೊಟ್ಟೆ ಹಾಗಾಯಿತೋ, ಯಾರಿಗೂ ಗೊತ್ತಿಲ್ಲವಂತೆ.

ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಬುಗುರಿ ದಾರಿಯುದ್ದಕ್ಕೂ ಕುಣಿದಳು. ನಾನೂ, ನೋಡಿದೆಯಾ, ಎಲ್ಲ ಅವಳ ಹೊಟ್ಟೆಯಲ್ಲೇ ಇತ್ತು ಎಂದುಕೊಂಡೆ. ನನ್ನ ಹೊಟ್ಟೆಯ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಏಪ್ರಿಲ್ 10, ಗುರುವಾರ

ಮನೆಯಲ್ಲಿ ಗುಮಾಸ್ತರ ನೇಮಕಾತಿ ನಡೆದಿದೆ. ಬೇಯಿಸಿದ ಕಾಳು, ಸೊಪ್ಪು, ಮೊಸರು, ಸಿಪ್ಪೆ ಸಮೇತ ಹಣ್ಣು. ಅಡುಗೆ ನನ್ನದು. ಬುಗುರಿ ಒಬ್ಬಳಿಗೇ ಬೇರೆ ಮಾಡುವುದು ಕಷ್ಟವಾದ್ದರಿಂದ ನಾನೂ ಅದನ್ನೇ ತಿನ್ನುತ್ತಿದ್ದೇನೆ. ಎಂಟು ವರ್ಷದ ಮೇಲೆ ಬ್ರೆಡ್ಡು ಬಿಟ್ಟೆ. ಎರಡು ದಿನ ಹೊಟ್ಟೆ ಗುಡುಗಿತು. "ನಿನ್ನ ಹಳೇ ಸಿಬ್ಬಂದಿ ಮುಷ್ಕರ ಮಾಡ್ತಿದೆ" ಎಂದಳು ಬುಗುರಿ.

ಅವಳು ಬೆಳಿಗ್ಗೆ ಹತ್ತಕ್ಕೋ ಹತ್ತೂಕಾಲಿಗೋ ಬಂದಳು. ಬಂದವಳೇ ಕೆಲಸಕ್ಕೆ ಕೂತಳು.

ಏಪ್ರಿಲ್ 14, ಸೋಮವಾರ

ಸಂಜೆ ಚಹಾ ಕುಡಿಯುವಾಗ ಅಮ್ಮ ಇದ್ದಕ್ಕಿದ್ದಂತೆ ಬುಗುರಿಯ ಕೈ ಹಿಡಿದುಕೊಂಡಳು. ಎಪ್ಪತ್ತನಾಲ್ಕು ವರ್ಷದ ಅಮ್ಮ ಕೈ ಹಿಡಿಯುವುದು ರಸ್ತೆ ದಾಟುವಾಗ ಮಾತ್ರ.

"ಎಷ್ಟು ಬೈದಿದೀನೇ ನಿನ್ನ. ಸೋಮಾರಿ ಅಂದೆ, ಬೇಜವಾಬ್ದಾರಿ ಅಂದೆ. ಅಕ್ಕನ್ನ ನೋಡಿ ಕಲಿ ಅಂತ ದಿನಾ ಅಂದೆ. ನಿನ್ನ ಹೊಟ್ಟೇಲಿ ಹೀಗಿದೆ ಅಂತ ನಂಗೇನು ಗೊತ್ತಿತ್ತು?"

ಬುಗುರಿ ಏನಾದರೂ ತಮಾಷೆ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ. "ಇರ್ಲಿ ಬಿಡಮ್ಮ" ಎಂದು ಬಟ್ಟಲು ತೊಳೆಯಲು ಎದ್ದುಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಡಾಕ್ಟರು ಎಡಿಎಚ್‌ಡಿ ಎಂದಾಗ ಅಮ್ಮ ನಂಬಿರಲಿಲ್ಲ. ತಲೆಯೊಳಗಿನದು ಅವಳಿಗೆ ನೆಪದ ಹಾಗೆ ಕೇಳಿಸಿತ್ತು. ಹೊಟ್ಟೆ ಎಂದ ಕೂಡಲೇ ನಂಬಿದಳು. ನನ್ನದೂ ಅದೇ ಕಥೆಯೋ ಏನೋ.

ಏಪ್ರಿಲ್ 23, ಬುಧವಾರ

ಊಟದ ಪುಸ್ತಕಗಳನ್ನು ಇನ್ನು ವಾಪಸು ಕೊಡಿ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಕೊಡುವ ಮುಂಚೆ ಒಮ್ಮೆ ತಿರುವಿ ನೋಡಿದೆ.

ನನ್ನ ಪುಸ್ತಕದ ಹೊದಿಕೆಯ ಮೇಲೆ 41-ಎ. ಕೊನೆಯ ಪುಟದಲ್ಲಿ ನಾನೇ, ನಾಲ್ಕೂ ಮೂಲೆ ನೇರವಾಗಿ, ಒಂದು ಗುಳ್ಳೆಯೂ ಏಳದ ಹಾಗೆ ಅಂಟಿಸಿದ ಚೀಟಿ: 41-ಬಿ.

ಬುಗುರಿಯ ಪುಸ್ತಕ ತೆರೆದೆ. 41-ಎ.

ಕನ್ನಡಕ ಒರಸಿಕೊಂಡು ನೋಡಿದೆ. ಕಿಟಕಿಯ ಹತ್ತಿರ ಹೋಗಿ ನೋಡಿದೆ. ಆ ದಿನ ಮೊದಲು ನನ್ನ ಡಬ್ಬಿಗೆ ಚೀಟಿ ಅಂಟಿಸಿ, ಅದರ ಇನ್ನೊಂದು ತುಂಡನ್ನು ಆಗಲೇ ನನ್ನ ಪುಸ್ತಕಕ್ಕೆ ಹಚ್ಚಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಅಂದರೆ 41-ಬಿ ಡಬ್ಬಿಯಲ್ಲಿದ್ದದ್ದು ನನ್ನದು. ಗುಮಾಸ್ತರಿಲ್ಲದ ಹೊಟ್ಟೆ ನನ್ನದು. ಬುಗುರಿಯದರಲ್ಲಿ ಬೇಕಾದಷ್ಟಿದ್ದಾರೆ.

ಆಸ್ಪತ್ರೆಯವರಿಗೆ ಇದು ತಾನಾಗಿ ಗೊತ್ತಾಗುವ ಹಾಗೂ ಇಲ್ಲ. ಡಿಎನ್‌ಎ ನೋಡಿದರೂ ನಾವಿಬ್ಬರೂ ಒಂದೇ. ಜಗತ್ತಿನಲ್ಲಿ ಇದು ಗೊತ್ತಿರುವುದು ನನಗೊಬ್ಬಳಿಗೇ.

ಏಪ್ರಿಲ್ 24, ಗುರುವಾರ

ಪುಸ್ತಕ ಇವತ್ತು ಕೊಡಲಿಲ್ಲ. ನಾಳೆ ಎಂದೆ.

ಒಂದು ಕಾದಂಬರಿಯ ಅಂಚು ಕತ್ತರಿಸುವಾಗ ಸಾಲುಗಳ ಕೊನೆಯ ಅಕ್ಷರಗಳನ್ನೂ ಸೇರಿಸಿ ಕತ್ತರಿಸಿಬಿಟ್ಟೆ. ನಲವತ್ತು ಪುಟ. ಬುಗುರಿ ನೋಡಿ, "ಓದೋರು ಊಹೆ ಮಾಡ್ಕೋತಾರೆ ಬಿಡು" ಎಂದು ಗಿರಾಕಿಗೆ ತಾನೇ ಫೋನ್ ಮಾಡಿ, ಹೊಸ ಪ್ರತಿ ತಂದುಕೊಡುತ್ತೇವೆ ಎಂದು ಒಪ್ಪಿಸಿದಳು. ಅವನು ನಗುತ್ತ ಫೋನ್ ಇಟ್ಟನಂತೆ. ನಾನಾಗಿದ್ದರೆ ನಾಲ್ಕು ಪುಟದ ಕ್ಷಮಾಪಣೆ ಪತ್ರ ಬರೆಯುತ್ತಿದ್ದೆ.

ಏಪ್ರಿಲ್ 25, ಶುಕ್ರವಾರ

ಬೈಂಡರಿಗೆ ಚೀಟಿ ಬಿಡಿಸುವುದು ಯಾವ ಮಹಾ ಕೆಲಸ? ಕೆಟಲಿನ ಆವಿ ತೋರಿಸಬೇಕು, ತೆಳು ಚಾಕು ತೂರಿಸಬೇಕು, ಎತ್ತಬೇಕು, ಅದಲುಬದಲು ಅಂಟಿಸಬೇಕು. ಹತ್ತು ನಿಮಿಷ. ಗುರುತೂ ಉಳಿಯುವುದಿಲ್ಲ.

ಬುಗುರಿ ಊಟಕ್ಕೆ ಹೋದಾಗ ಕೆಟಲು ಇಟ್ಟೆ. ಒಂದು ಮೂಲೆ ಎದ್ದಿತು. ಇದು ಬುಗುರಿಯ ಸಲುವಾಗಿ ಎಂದುಕೊಂಡೆ. ಅಮ್ಮ ಅವಳ ಕೈ ಹಿಡಿದದ್ದು, ಅವಳು ಕುಣಿದದ್ದು, ಅದನ್ನೆಲ್ಲ ಕಿತ್ತುಕೊಳ್ಳಲು ನನಗೇನು ಹಕ್ಕಿದೆ?

ಅರ್ಧ ಸುಳ್ಳು. ಈ ಪುಸ್ತಕದಲ್ಲೂ ಸುಳ್ಳು ಬರೆದರೆ ಇದನ್ನು ಕಟ್ಟಿದ್ದೇ ದಂಡ. ತಪ್ಪು ಮಾಡಿದವಳು ನಾನು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಈ ಬಾಯಿಗೆ ಆ ಮಾತಿನ ರೂಢಿಯಿಲ್ಲ.

ಎದ್ದ ಮೂಲೆಯನ್ನು ಮತ್ತೆ ಒತ್ತಿದೆ. ಕೆಟಲಿನ ನೀರಿನಲ್ಲಿ ಚಹಾ ಮಾಡಿದೆ.

ಏಪ್ರಿಲ್ 28, ಸೋಮವಾರ

ಹೇಳಿದೆ.

ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅವಳು ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದಳು. ನಾನು ರಟ್ಟು ಅಳೆಯುತ್ತಿದ್ದೆ.

"ಬುಗುರಿ, ಒಂದು ವಿಷ್ಯ ಹೇಳ್ಬೇಕು."

"ಏನು, ಮತ್ತೆ ಏನಾದ್ರೂ ಸೀಯ್ಸಿದ್ನಾ?"

"ಇಲ್ಲ. ನಾನೊಂದು ತಪ್ಪು ಮಾಡಿದೀನಿ."

ಅವಳು ಕುಂಚ ಕೆಳಗಿಟ್ಟಳು. ಏಪ್ರನ್ನಿಗೆ ಕೈ ಒರಸಿಕೊಂಡಳು. ಕುರ್ಚಿ ನನ್ನ ಕಡೆಗೆ ತಿರುಗಿಸಿಕೊಂಡಳು. "ಇನ್ನೊಂದ್ಸಲ ಹೇಳು."

ಚೀಟಿಯ ಕಥೆ ಪೂರ್ತಿ ಹೇಳಿದೆ. ಪುಸ್ತಕಗಳನ್ನೂ ತೋರಿಸಿದೆ. ಎದ್ದ ಮೂಲೆಯನ್ನೂ ತೋರಿಸಿದೆ. ಅವಳು ಎರಡು ಚೀಟಿಗಳನ್ನೂ ಹತ್ತಿರ ಹಿಡಿದು ನೋಡಿದಳು. ಆಮೇಲೆ ಅವಳ ಹೊಟ್ಟೆಯಿಂದ ಒಂದು ಸದ್ದು ಬಂತು. ಅಳುತ್ತಾಳೇನೋ ಎಂದುಕೊಂಡೆ. ಅಳುವಲ್ಲ. ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು, ಕಾಗದದ ಚೂರುಗಳ ನಡುವೆ, ಕೆಮ್ಮು ಬರುವವರೆಗೆ ನಕ್ಕಳು.

"ಗುಮಾಸ್ತರಿಲ್ಲದ ಕಚೇರಿ ನಿಂದಾ! ಬ್ರೆಡ್ಡು ತಿಂದೂ ತಿಂದೂ ಎಲ್ರನ್ನೂ ಓಡ್ಸಿದೀಯ! ಒಬ್ಬ ಜವಾನ ಕೂಡ ಇಲ್ದೆ ಇಷ್ಟು ವರ್ಷ ಹೇಗೇ ನಡೆಸ್ದೆ?"

ನನಗೂ ನಗು ಬಂತು. ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು. ಒಬ್ಬ ಗಿರಾಕಿ ಬಾಗಿಲು ತೆಗೆದು, ನೋಡಿ, ಹಾಗೇ ಮುಚ್ಚಿಕೊಂಡು ಹೋದ.

ಅವಳು ಕಣ್ಣು ಒರಸಿಕೊಂಡಳು. "ಹಾಗಾದ್ರೆ ನನ್ನ ಹೊಟ್ಟೇಲಿ ಎಲ್ಲ ಸರಿಯಾಗಿದೆ. ಆದ್ರೂ ನಾನು ಹೀಗೆ."

"ಹೂಂ."

"ಮೂರು ವಾರ ಚೆನ್ನಾಗಿತ್ತು ಕಣೇ."

"ಗುಮಾಸ್ತರು ಅಂತ ಒಂದು ಕಾರಣ ಸಿಕ್ಕಿತ್ತು. ನಾನು ಅದನ್ನ ಕಿತ್ಕೊಂಡೆ."

"ಅದಕ್ಕಲ್ಲ. ನಾನು ಬಂದಾಗ ನೀನು ಗಡಿಯಾರ ನೋಡ್ತಿರ್ಲಿಲ್ಲ."

"ನೋಡ್ತಿರ್ಲಿಲ್ವಾ?"

"ಮೂರು ವಾರದಿಂದ ನೋಡಿಲ್ಲ. ನಾನು ಬೇಕಂತ ಹೀಗೆ ಮಾಡಲ್ಲ ಅಂತ ನೀನು ಮೊದಲ್ನೇ ಸಲ ನಂಬಿದ್ದೆ. ಗುಮಾಸ್ತರು ಇದ್ರೆಷ್ಟು ಬಿಟ್ರೆಷ್ಟು? ನಂಗೆ ಅದು ಸಾಕಾಗಿತ್ತು."

ರಟ್ಟು ಕತ್ತರಿಸಿದೆ. ಎರಡು ಬೆರಳು ಅಗಲ ಹೆಚ್ಚಾಗಿತ್ತು. ಅವಳು ನೋಡಿ, ಮತ್ತೆ ಕುಂಚ ಕೈಗೆತ್ತಿಕೊಂಡಳು.

ಏಪ್ರಿಲ್ 29, ಮಂಗಳವಾರ

ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲಿ ಬುಗುರಿ ಒಂದು ಸಲಹೆ ಕೊಟ್ಟಳು. "ಚೀಟಿ ಅಂಟ್ಸಿದ್ದು ನಾನು ಅಂತ ಹೇಳೋಣ. ಯಾರೂ ಎರಡನೇ ಪ್ರಶ್ನೆ ಕೇಳಲ್ಲ. ನನ್ನ ಲೆಕ್ಕದಲ್ಲಿ ಇನ್ನೊಂದು ತಪ್ಪು ಸೇರಿದ್ರೆ ಏನಾಗುತ್ತೆ? ನೀನಾದ್ರೆ ಆರು ತಿಂಗಳು ನಿದ್ದೆ ಮಾಡಲ್ಲ."

ಎರಡು ನಿಲ್ದಾಣ ದಾಟುವವರೆಗೂ ನಾನು ಬೇಡ ಎನ್ನಲಿಲ್ಲ. ಇದನ್ನೂ ಬರೆದಿಡಬೇಕು.

ಡಾಕ್ಟರಮ್ಮ ಪುಸ್ತಕಗಳನ್ನು ತೆರೆದು ಪಕ್ಕಪಕ್ಕ ಇಟ್ಟರು. ಮುಚ್ಚಳ ಕಚ್ಚುವುದು ನಿಂತಿತು. ಆಮೇಲೆ ಅವರು ತಲೆ ಎತ್ತಿದ್ದು ಬುಗುರಿಯ ಕಡೆಗೆ. ಕೋಪವೇನಿರಲಿಲ್ಲ, ಬಹಳ ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು: "ಪರ್ವಾಗಿಲ್ಲ. ನಿಮ್ಮ ತೊಂದ್ರೆ ಇರೋರಿಗೆ ಹೀಗೆಲ್ಲ ಆಗುತ್ತೆ. ನಾವೇ ಇನ್ನೂ ಸುಲಭವಾಗಿ ಮಾಡ್ಕೊಡ್ಬೇಕಿತ್ತು."

ಬುಗುರಿ ತಲೆಯಾಡಿಸಿ, "ಹೌದು ಡಾಕ್ಟ್ರೇ, ನಂದು ಸ್ವಲ್ಪ..." ಎಂದು ಶುರು ಮಾಡಿಯೇಬಿಟ್ಟಳು. ಅವಳ ಮುಖದಲ್ಲಿ ಒಂದು ನಗು ಇತ್ತು. ನನ್ನದೇ ಮುಖ, ಆದರೆ ಆ ನಗು ನನ್ನ ಮುಖದ ಮೇಲೆ ಯಾವತ್ತೂ ಬಂದಿಲ್ಲ. ನಲವತ್ತು ವರ್ಷ ಬೈಸಿಕೊಂಡವರಿಗೆ ಬರುವ ನಗು ಅದು.

"ಅವಳಲ್ಲ" ಎಂದೆ. ದನಿ ಜೋರಾಯಿತು, ಪಕ್ಕದ ಮೇಜಿನವರೂ ತಿರುಗಿದರು. "ಅವಳು ಆ ಚೀಟೀನ ಮುಟ್ಟೇ ಇಲ್ಲ. ಅವಳ ಕೈಗೆ ಕೊಟ್ರೆ ಕೆಡಿಸ್ತಾಳೆ ಅಂತ ಎಲ್ಲ ನಾನೇ ಇಟ್ಕೊಂಡೆ. ಕೆಡಿಸಿದ್ದು ನಾನು."

ಡಾಕ್ಟರಮ್ಮ ಕೆಂಪಗಾದರು. ಬುಗುರಿಯ ಕ್ಷಮೆ ಕೇಳಿದರು. ನಮ್ಮ ಜೋಡಿಯನ್ನು ಸದ್ಯಕ್ಕೆ ಲೆಕ್ಕದಿಂದ ತೆಗೆದಿಡಬೇಕಾಗುತ್ತದಂತೆ. ಮನಸ್ಸಿದ್ದರೆ ಹೊಸ ಮಾದರಿ ಕೊಡಿ ಎಂದರು. "ನೀವು ಹೇಳದೇ ಇದ್ದಿದ್ರೆ ನಾನು ಉಲ್ಟಾನ ಸರಿ ಅಂತ ನಂಬ್ಕೊಂಡು ಹೋಗ್ತಿದ್ದೆ" ಎಂದು ನನ್ನ ಕೈ ಕುಲುಕಿದರು. ಅವರ ಮುಖ ಮಾತ್ರ ಐಸ್‌ಕ್ರೀಮ್ ಕೆಳಗೆ ಬೀಳಿಸಿಕೊಂಡವರ ಹಾಗಿತ್ತು.

ವಾಪಸು ಬರುವಾಗ ಬುಗುರಿ ಕಿಟಕಿಯಾಚೆ ನೋಡುತ್ತ, "ಚೆನ್ನಾಗಿ ಕೂಗ್ತೀಯ ನೀನು" ಎಂದಳು. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಇಬ್ಬರಿಗೂ ಗೊತ್ತಾಗಲಿಲ್ಲ.

ಅಮ್ಮನಿಗೂ ಹೇಳಿದೆವು. ಅವಳು ಚಹಾ ಆರುವವರೆಗೆ ಯೋಚಿಸಿ, "ಹೊಟ್ಟೇಲಿ ಏನೇ ಇರ್ಲಿ, ನಾನು ಬೈದದ್ದು ತಪ್ಪೇ ಅಲ್ವಾ?" ಎಂದಳು.

ಏಪ್ರಿಲ್ 30, ಬುಧವಾರ

ಅಚ್ಚುಮನೆಗೆ ಪತ್ರ ಬರೆದೆ, ಮೂರು ಸಾಲು. ಬರಲಾಗುವುದಿಲ್ಲ, ಕರೆದದ್ದಕ್ಕೆ ವಂದನೆಗಳು.

ಅಂಚೆಗೆ ಹಾಕುವ ಮುಂಚೆ ಬುಗುರಿಗೆ ತೋರಿಸಿದೆ. ಅವಳಿಗೆ ಫೆಬ್ರವರಿಯಿಂದಲೇ ಗೊತ್ತಿತ್ತಂತೆ. ಕತ್ತರಿ ಹುಡುಕುವಾಗ ನನ್ನ ಡ್ರಾಯರಿನಲ್ಲಿ ಕಾಗದ ಕಂಡಿತಂತೆ.

"ಮತ್ತೆ ಯಾಕೇ ಕೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಮೂರು ತಿಂಗಳು! ನನ್ನ ಜನ್ಮದಲ್ಲೇ ಇಷ್ಟು ಹೊತ್ತು ಬಾಯಿ ಮುಚ್ಕೊಂಡಿದ್ದು ಇದೇ ಮೊದಲು. ಈ ಸಂಶೋಧನೆಯೋರು ಅದನ್ನ ಬರ್ಕೋಬೇಕು."

ಪತ್ರವನ್ನು ಅವಳೇ ಅಂಚೆಗೆ ಹಾಕಿ ಬರುತ್ತೇನೆ ಎಂದಳು. ಕೊಟ್ಟೆ.

ಮೇ 5, ಸೋಮವಾರ

ಹೊಸ ಮಾದರಿ ಕೊಟ್ಟಾಯಿತು. ಈ ಸಲ ನಾನು ಚೀಟಿ ಅಂಟಿಸಿದೆ, ಬುಗುರಿ ನಂಬರು ಜೋರಾಗಿ ಓದಿದಳು, ಅಮ್ಮ ಸಾಕ್ಷಿ. ಒಂದು ಸಲ ಬುಗುರಿಯೇ, "ಏ, ಅದು ನಿಂದಲ್ಲ, ನಂದು" ಎಂದು ನನ್ನ ಕೈ ತಡೆದಳು.

ಮೇ 24, ಶನಿವಾರ

ಡಾಕ್ಟರಮ್ಮ ಫಲಿತಾಂಶ ಹೇಳಿದರು. ಈ ಸಲ ನಮ್ಮಿಬ್ಬರ ಹೊಟ್ಟೆಯಲ್ಲೂ ಆ ಜಾತಿ ಹೆಚ್ಚು ಕಡಿಮೆ ಒಂದೇ ಸಮ. ಮಾದರಿ ಕೊಡುವ ಹೊತ್ತಿಗೆ ನಾಲ್ಕು ವಾರ ಇಬ್ಬರೂ ಒಂದೇ ಅಡುಗೆ ತಿಂದಿದ್ದೆವಲ್ಲ, ಅದರಿಂದಲೇ ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಒಂದು ಜೋಡಿಯಿಂದ ಏನೂ ಹೇಳಲಾಗದಂತೆ, ಇನ್ನೂ ನೂರಾರು ಜೋಡಿ ಬೇಕಂತೆ. ಹೊಟ್ಟೆಗೂ ಗಮನಕ್ಕೂ ನಂಟಿದೆಯೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಇದೆ. ಅವರು ಸೋತವರ ಹಾಗೆ ಕಾಣಲಿಲ್ಲ. ಹೊಸ ಮುಚ್ಚಳ ಕಚ್ಚುತ್ತಿದ್ದರು.

"ಅಂದ್ರೆ ಇಬ್ರಿಗೂ ಅಷ್ಟೇ ಗುಮಾಸ್ತರು, ಆದ್ರೂ ನಾನು ನಾನೇ, ಇವಳು ಇವಳೇ" ಎಂದಳು ಬುಗುರಿ.

ಅದು ನಿಜವೇ? ಅವಳು ಇವತ್ತೂ ಕನ್ನಡಕ ಕಳೆದಳು, ಸಾದಾ ಮ್ಯಾಪ್‌ಲಿಥೋ ಕಾಗದದ ಬದಲು ನುಣುಪಾದ ಆರ್ಟ್ ಕಾಗದ ತರಿಸಿದಳು, ಮಾತ್ರೆ ಮರೆತಳು, ನಾನು ನೆನಪಿಸಿದೆ. ನಾನು ಎಂದಿನ ಹಾಗೇ ಇದ್ದೇನೆ. ನನ್ನಲ್ಲಿ ಏನೂ ಬದಲಾಗಿಲ್ಲ.

ಸಂಜೆ ಅಂಗಡಿ ಮುಚ್ಚಿದ್ದು ಎಷ್ಟು ಹೊತ್ತಿಗೋ ನೋಡಲಿಲ್ಲ. ಕೆರೆಯ ಕಡೆಯಿಂದ ನಡೆದುಕೊಂಡು ಬಂದೆವು.

ಜೂನ್ 14, ಶನಿವಾರ

ಮಕ್ಕಳ ಗ್ರಂಥಾಲಯದವರು ಪುಸ್ತಕ ಕಟ್ಟುವುದನ್ನು ಹೇಳಿಕೊಡಿ ಎಂದು ಬುಗುರಿಯನ್ನು ಕರೆದಿದ್ದರು. ಅವಳೊಬ್ಬಳನ್ನೇ. ನೀನೂ ಬಾರೇ, ಅಂಟು ಹಿಡ್ಕೊಳ್ಳೋಕೆ ಜನ ಬೇಕು ಎಂದಳು. ಶನಿವಾರ ಅಂಗಡಿಗೆ ಬೀಗ ಹಾಕಿ ಹೋದೆ.

ಮೂವತ್ತು ಮಕ್ಕಳು. ಐದು ನಿಮಿಷದಲ್ಲಿ ಒಬ್ಬಳ ಜಡೆಗೆ ಅಂಟು, ಇಬ್ಬರ ನಡುವೆ ಜಗಳ, ಒಬ್ಬ ಮೇಜಿನ ಕೆಳಗೆ. ನಾನಾಗಿದ್ದರೆ ಮೊದಲು ಸಾಲಾಗಿ ಕೂರಿಸುತ್ತಿದ್ದೆ, ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಬುಗುರಿ ತಾನೂ ಮೇಜಿನ ಕೆಳಗೆ ಹೋದಳು. "ಇಲ್ಲೇ ಜಾಗ ಚೆನ್ನಾಗಿದೆ ಕಣ್ರೋ, ಎಲ್ರೂ ಬನ್ನಿ" ಎಂದು ಅಲ್ಲಿಂದಲೇ ಹಾಳೆ ಮಡಚುವುದನ್ನು ತೋರಿಸಿದಳು. ಒಬ್ಬರಿಂದ ಇನ್ನೊಬ್ಬರಿಗೆ ಹಾರುತ್ತ, ಅರ್ಧ ಹೇಳಿದ್ದನ್ನು ಅಲ್ಲಿಗೇ ಬಿಟ್ಟು, ಮತ್ತೆಲ್ಲಿಂದಲೋ ಹಿಡಿದು. ಎಲ್ಲೂ ದಾರಿ ತಪ್ಪಲಿಲ್ಲ. ಒಂದೂವರೆ ಗಂಟೆಯಲ್ಲಿ ಮೂವತ್ತು ಪುಸ್ತಕ. ಒಂದೂ ನೇರವಾಗಿರಲಿಲ್ಲ. ಹಿಡಿದುಕೊಂಡವರ ಮುಖ ನೋಡಿದರೆ ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ.

ನಾನು ಅಂಟಿನ ಬಟ್ಟಲು ಹಿಡಿದು ಗೋಡೆಯ ಬಳಿ ನಿಂತಿದ್ದೆ. ಗ್ರಂಥಾಲಯದ ಮೇಡಂ ಬಂದು ಪಕ್ಕದಲ್ಲಿ ನಿಂತರು. ನನ್ನ ಮುಖಕ್ಕೂ ಕೂದಲಿಗೂ ಅಂಟು ಹತ್ತಿದ್ದರಿಂದ ಇಬ್ಬರ ಹೋಲಿಕೆ ಅವರಿಗೆ ಕಾಣಲಿಲ್ಲವೋ ಏನೋ.

"ಎಷ್ಟು ಚೆನ್ನಾಗಿ ಹೇಳ್ಕೊಡ್ತಾರಲ್ವಾ ಇವರು? ನೀವು ಇವರ ಅಸಿಸ್ಟೆಂಟಾ?"

"ಹೌದು" ಎಂದೆ. "ಹೊಸದಾಗಿ ಸೇರ್ಕೊಂಡಿದೀನಿ."